ತುಳಸಿಕಟ್ಟೆಯ ಮೇಲೊಬ್ಬ ಶಿಲುಬೆ ಯೋಧ

ಎಲ್ಲದಕ್ಕೂ ಕಾರಣ ಆ ವಾರ್ನಿಶ್. ಪರದೇಶದ ಬಾಟಲಿ ಖಾಲಿಯಾಗಿತ್ತು, ಹೊಸದು ತರಿಸಲು ಪುರುಸೊತ್ತಿರಲಿಲ್ಲ. ಕಾರವಾರದ ಹಾರ್ಡ್‌ವೇರ್ ಅಂಗಡಿಯವ "ಅದೇ ಮಾಲು, ಹೆಸರು ಮಾತ್ರ ಬೇರೆ" ಎಂದು ಕೊಟ್ಟ ಡಬ್ಬಿಯನ್ನು ರೂಪೇಶ ನಂಬಿ ತಂದ. ಅಂಗಡಿಯವನ ಮಾತು ನಂಬುವವರು ಈ ಲೋಕದಲ್ಲಿ ಇನ್ನೂ ಇದ್ದಾರೆ. ಅವರೆಲ್ಲ ಹೆಚ್ಚಾಗಿ ಗುಮಾಸ್ತರೇ ಆಗಿರುತ್ತಾರೆ.

ರೂಪೇಶನೂ ಗುಮಾಸ್ತನೇ. ಕಚೇರಿ ಕಾರವಾರದಲ್ಲಿ, ಮನೆ ತೋಡೂರಿನ ಪುನರ್ವಸತಿ ಕಾಲೊನಿಯಲ್ಲಿ. ಹಗಲು ಟಪಾಲು ನೋಡುತ್ತಾನೆ, ಉಳಿದ ಹೊತ್ತು ಬೊಂಬೆ ಮಾಡುತ್ತಾನೆ. ಬೊಂಬೆ ಅಂದರೆ ಅವನಿಗೆ ಸಿಟ್ಟು ಬರುತ್ತದೆ. ಅವು ಬೆರಳುದ್ದದ ಹಳೇ ಕಾಲದ ಸೈನಿಕರು. ರಾಳದಲ್ಲಿ ಎರಕ ಹೊಯ್ದ ಕೈ, ಕಾಲು, ತಲೆ ಎಲ್ಲ ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿ ಬರುತ್ತವೆ. ಅಂಟಿಸಿ, ಬಣ್ಣ ಹಚ್ಚಿ ನಿಲ್ಲಿಸಿದರೆ ಮುಗಿಯಿತು. ಬೇರೆಯವರಿಗೆ ಅಲ್ಲಿಗೆ ಮುಗಿಯುತ್ತದೆ, ರೂಪೇಶನಿಗೆ ಅಲ್ಲಿಂದ ಶುರುವಾಗುತ್ತದೆ.

ಈ ಸಲ ಬಂದವನು ಎಂಟುನೂರು ಒಂಬೈನೂರು ವರ್ಷದ ಹಿಂದೆ ಎದೆಯ ಮೇಲೆ ಕೆಂಪು ಶಿಲುಬೆ ಹೊತ್ತು ಜೆರುಸಲೇಮಿಗೆ ಯುದ್ಧಕ್ಕೆ ಹೋದವರಲ್ಲಿ ಒಬ್ಬ. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಕತ್ತಿ ಎತ್ತಿಕೊಂಡು ಓಡುತ್ತಿದ್ದ. ರೂಪೇಶನಿಗೆ ಆ ಅಬ್ಬರ ಹಿಡಿಸಲಿಲ್ಲ. ಎತ್ತಿದ ಕೈಯನ್ನು ಸಣ್ಣ ಗರಗಸದಿಂದ ಭುಜದ ಹತ್ತಿರ ಕೊಯ್ದ. ಮಂಡಿ ಕೊಯ್ದು ಓಟ ನಿಲ್ಲಿಸಿದ. ಕಬ್ಬಿಣದ ಟೊಪ್ಪಿಗೆಯ ತಲೆ ಕಿತ್ತೆಸೆದು, ಪುಟ್ಟಿ ಕಲಸಿ, ಕೆನ್ನೆ ಗುಳಿಬಿದ್ದ ಹೊಸ ತಲೆ ಮಾಡಿ ಕೂರಿಸಿದ. ಕೊಯ್ದ ಕೈ ಕೆಳಗಿಳಿದು ಕತ್ತಿಯ ಹಿಡಿಯ ಮೇಲೆ ಕೂತಿತು, ಕತ್ತಿಯ ಮೊನೆ ನೆಲ ಮುಟ್ಟಿತು. ಕಬ್ಬಿಣದ ಬಳೆಗಳ ಅಂಗಿಯನ್ನು ಹಸಿ ಪುಟ್ಟಿಯ ಮೇಲೆ ಸೂಜಿಮೊನೆ ಒತ್ತಿ ಒತ್ತಿ ಒಂದೊಂದೇ ಬಳೆಯಾಗಿ ಎಬ್ಬಿಸಿದ. ಮೇಲಂಗಿಗೆ ಬಳಿದ ಬಿಳಿ ಬರೀ ಬಿಳಿಯಲ್ಲ. ಅದರಲ್ಲಿ ಬೂದಿ ಇತ್ತು, ಮಣ್ಣಿತ್ತು, ಬೆವರಿನ ಹಳದಿ ಇತ್ತು. ಈಗ ಅವನು ಯುದ್ಧಕ್ಕೆ ಹೋಗುವವನಲ್ಲ, ಯುದ್ಧ ಮುಗಿಸಿ "ಯಾಕಾದರೂ ಹೋದೆನೋ" ಎಂದು ನಿಂತವನು.

ಆ ಯೋಧನ ಫೋಟೊ ನೋಡಿ ಮಡಗಾಂವದ ಒಂದು ಸಂಘದವರು ತಮ್ಮ ಪ್ರದರ್ಶನಕ್ಕೆ ಆರಿಸಿದ್ದರು. ಇವತ್ತು ಸಂಜೆಯೊಳಗೆ ತಂದುಕೊಡಬೇಕು. "ಆ ಮುಖ ನೀವೇ ಮಾಡಿದ್ದಾ? ಭೂತಗನ್ನಡಿ ಹಿಡಿದು ನೋಡುವ ಜನ ಬರ್ತಾರೆ ಇಲ್ಲಿ" ಎಂದು ಸೆಕ್ರೆಟರಿ ಫೋನಿನಲ್ಲಿ ಹೇಳಿದಾಗ ರೂಪೇಶ ಕುರ್ಚಿಯಿಂದ ಎದ್ದೇ ನಿಂತಿದ್ದ. ಅವನಿಗೆ ಬಹುಮಾನ ಬೇಡ. ಕೆಲಸ ಬಲ್ಲ ಒಬ್ಬನೇ ಒಬ್ಬ ಮನುಷ್ಯ ತನ್ನ ಕೆಲಸವನ್ನು ಹತ್ತಿರ ಹಿಡಿದು ನೋಡಬೇಕು, ಅಷ್ಟೇ ಆಸೆ. ನಲವತ್ತು ದಾಟಿದರೂ ಅಂಥವನು ಸಿಕ್ಕಿರಲಿಲ್ಲ. ಕಚೇರಿಯಲ್ಲಿ ಅವನಿಗೆ "ಬೊಂಬೆ ರೂಪೇಶ" ಎಂದೇ ಹೆಸರು, ಸಾಹೇಬರು ಕೂಡ ಹಾಗೇ ಕರೆಯುತ್ತಿದ್ದರು.

ಮಧ್ಯಾಹ್ನದ ರೈಲಿಗೆ ಹೋಗುವುದೆಂದು ರಜೆ ಹಾಕಿ, ಬೆಳಿಗ್ಗೆ ಎದ್ದು ಕೊನೆಯ ವಾರ್ನಿಶ್ ಹೊಡೆದ. ಒಣಗಲೇ ಇಲ್ಲ. ಬೆರಳು ಮುಟ್ಟಿಸಿದರೆ ಹಲಸಿನ ಮೇಣದ ಹಾಗೆ ಅಂಟುತ್ತಿತ್ತು. ಮೇಲಿಂದ ಆ ವಾಸನೆ.

"ನಂಗೆ ತಲೆ ತಿರುಗ್ತದೆ. ಒಂದೋ ಅದನ್ನ ಹೊರಗಿಡಿ, ಇಲ್ಲಾಂದ್ರೆ ನಾನೇ ಹೊರಗೆ ಕೂತ್ಕಳ್ತೆ," ಎಂದಳು ಹೆಂಡತಿ ಸುಗಂಧಾ, ಸೆರಗಿನಿಂದ ಮೂಗು ಮುಚ್ಚಿಕೊಂಡು.

ರೂಪೇಶ ಯೋಧನನ್ನು ಹಿಡಿದು ಅಂಗಳಕ್ಕೆ ಬಂದ. ಗೋಡೆಯ ಮೇಲೆ ಕಾಗೆ, ಮೆಟ್ಟಿಲ ಮೇಲೆ ಕೋಳಿ. ಒಳ್ಳೆ ಬಿಸಿಲಿದ್ದು, ಯಾರೂ ಕೈಹಾಕದ ಜಾಗ ಅಂದರೆ ತುಳಸಿಕಟ್ಟೆ ಒಂದೇ.

"ಅಲ್ಲಿ ಇಡ್ಬೇಡಿ," ಎಂದಳು ಸುಗಂಧಾ ಬಾಗಿಲಿಂದಲೇ.

"ಒಣಗೂ ತನಕ ಅಷ್ಟೇಯಾ. ಎಂತಾ ಆಗ್ತದೆ?" ಎಂದು ಇಟ್ಟವನು ಸ್ನಾನಕ್ಕೆ ಹೋದ.

ಎಂತಾ ಆಗ್ತದೆ ಎಂದು ಕೇಳಬಾರದು ನೋಡಿ. ಕೇಳಿದರೆ ಆಗಿಯೇ ಆಗುತ್ತದೆ.

ಪಕ್ಕದ ಮನೆಯ ನಾಗಿ ಅಷ್ಟರಲ್ಲಿ ಬಂದಳು. ಮೀನು ಮಾರುವವಳು, ಇವತ್ತು ಬುಟ್ಟಿ ಮುಟ್ಟಿರಲಿಲ್ಲ. ಮಗ ನಿತಿನ ಬೋಟಿನಲ್ಲಿ ಹೋದವನು ನಿನ್ನೆಯೇ ಬರಬೇಕಿತ್ತು, ಫೋನೂ ತಾಗುತ್ತಿರಲಿಲ್ಲ. ಮತ್ತೊಮ್ಮೆ ಸುಗಂಧಾಳ ಕೈಯಲ್ಲಿ ಫೋನು ಹಚ್ಚಿಸೋಣವೆಂದು ಬಂದವಳ ಕಣ್ಣು ತುಳಸಿಕಟ್ಟೆಯ ಮೇಲೆ ಬಿತ್ತು. ಕತ್ತಿ ಊರಿ ನಿಂತವ. ಎದೆ ಮೇಲೆ ಕೆಂಪು. ನೋಡಿದರೆ ಸಾಕ್ಷಾತ್ ಜಟಗ, ಹಳೇ ಊರಿನ ಗಡಿ ಕಾಯುತ್ತಿದ್ದ ದೇವರು.

ನಾಗಿ ಅಲ್ಲೇ ಮಂಡಿಯೂರಿದಳು. "ಜಟಗಾ, ಇಷ್ಟು ವರ್ಷ ಎಲ್ಲಿಗೆ ಹೋಗಿದ್ಯೋ ನನ್ನಪ್ಪಾ? ನನ್ನ ಮಗನ್ನ ಒಂದ್ಸಲ ದಡಕ್ಕೆ ಹತ್ಸು, ನಿಂಗೆ ಹೂವು, ಎಣ್ಣೆ, ಕುಂಕುಮ ಎಲ್ಲಾ ಕೊಡ್ತೆ."

ಸೊಂಟದಲ್ಲಿ ಸಿಕ್ಕಿಸಿಕೊಂಡ ಫೋನು ಹೊಡೆದುಕೊಂಡಿತು. ನಿತಿನ! "ಆಯಿ, ಬೈತಖೋಲ ಬಂದರಿಗೆ ಬಂದೆ. ಫೋನಿನ ಚಾರ್ಜ್ ಮುಗಿದಿತ್ತು, ಈಗ ಹಾಕ್ದೆ."

ರೂಪೇಶ ಟವಲು ಸುತ್ತಿಕೊಂಡು ಹೊರಗೆ ಬರುವಾಗ ಯೋಧನ ಹಣೆಯ ಮೇಲೆ ಎಣ್ಣೆ, ಎಣ್ಣೆಯ ಮೇಲೆ ಕುಂಕುಮ. ಕುತ್ತಿಗೆಗೆ ಸುತ್ತಿದ ಅಬ್ಬಲಿಗೆ ಮಾಲೆ ಪಾದದವರೆಗೆ ಮುಚ್ಚಿತ್ತು. ಅಂಗಳದ ತುಂಬ ಹೆಂಗಸರು.

"ಅಯ್ಯೋ, ಮುಖ! ನಾ ಮಾಡಿದ ಮುಖ!" ಎಂದು ಕೂಗಿದ.

"ನೀ ಮಾಡಿದ್ದೇ ಹೌದೋ ತಮಾ, ನಿನ್ನ ಕೈಯಲ್ಲಿ ಅವ್ನೇ ಕೂತು ಮಾಡ್ಸಿದ್ದು," ಎಂದು ನಾಗಿ ಅವನ ಒದ್ದೆ ಕಾಲಿಗೇ ಬಿದ್ದಳು. ಟವಲು ಹಿಡಿದುಕೊಳ್ಳುವುದೋ, ನಾಗಿಯನ್ನು ಎತ್ತುವುದೋ ತಿಳಿಯದೆ ರೂಪೇಶ ಅರೆಬರೆ ಎರಡನ್ನೂ ಮಾಡಿದ.

"ನಾಗಕ್ಕಾ, ಇವ ಜಟಗ ಅಲ್ಲ. ಪರದೇಶದ ಸೈನಿಕ. ನಿತಿನನ ಫೋನಿಗೆ ಚಾರ್ಜ್ ಇರ್ಲಿಲ್ಲ, ಅಷ್ಟೇ."

"ಚಾರ್ಜ್ ಕೊಟ್ಟವ ಯಾರು?" ಎಂದಳು ನಾಗಿ.

ರೂಪೇಶ ಅಂಗಿ ಹಾಕಿಕೊಂಡು ಬರುವಷ್ಟರಲ್ಲಿ ಹುಲಿಯಾ ಬಂದು ಕುರ್ಚಿ ಹಾಕಿಸಿಕೊಂಡು ಕೂತಿದ್ದ.

ಹುಲಿಯಾ ಹಳೇ ಊರಿನಲ್ಲಿ ಜಟಗನ ಪೂಜೆ ನೋಡಿಕೊಳ್ಳುತ್ತಿದ್ದ ಮುದುಕ. ನೌಕಾನೆಲೆಯ ಪ್ರೊಜೆಕ್ಟಿಗೆ ಜಾಗ ಹೋದಾಗ ಜನ ಮಂಚ, ಕಪಾಟು, ಕೋಳಿಗೂಡು ಸಮೇತ ಈಚೆ ಬಂದರು. ಜಟಗನ ಕಲ್ಲು ಮಾತ್ರ ಏಳಲಿಲ್ಲ, ಅಲ್ಲೇ ಉಳಿಯಿತು. ಇಲ್ಲಿ ಅವನಿಗಾಗಿ ಅಶ್ವತ್ಥದ ಬುಡದಲ್ಲಿ ಟೈಲ್ಸ್ ಹಚ್ಚಿದ ಕಟ್ಟೆ ಕಟ್ಟಿಸಿದರು, ದೇಣಿಗೆ ಕೊಟ್ಟವರ ಹೆಸರನ್ನೂ ಕೆತ್ತಿಸಿದರು. ಮೂರ್ತಿ ಕಲ್ಲಿನದೋ ಮರದ್ದೋ ಎಂದು ಎರಡು ಪಾರ್ಟಿಯಾಗಿ, ಕಟ್ಟೆ ಇವತ್ತಿಗೂ ಖಾಲಿ. ಒಂದು ಕಂದು ನಾಯಿ ಅದರ ಮೇಲೆ ಮಲಗುತ್ತದೆ. ಹಬ್ಬದ ದಿನ ಅದನ್ನು ಎಬ್ಬಿಸಿ, ಖಾಲಿ ಜಾಗಕ್ಕೆ ಆರತಿ ಎತ್ತಿ, ಮತ್ತೆ ಮಲಗಲು ಬಿಡುತ್ತಾರೆ.

"ಕಲ್ಲೂ ಅಲ್ಲ, ಮರವೂ ಅಲ್ಲ," ಹುಲಿಯಾ ಮಾಲೆ ತೆಗೆದಿಟ್ಟು, ಯೋಧನನ್ನು ಸುತ್ತ ತಿರುಗಿ ನೋಡಿ ಹೇಳಿದ. "ಎರಡೂ ಪಾರ್ಟಿಗೆ ಬೇಜಾರಿಲ್ಲ. ಬುದ್ಧಿವಂತ ದೇವ್ರು."

"ಹುಲಿಯಜ್ಜಾ, ಎದೆ ಮೇಲೆ ನೋಡು. ಶಿಲುಬೆ! ಇವ ಕಿರಿಸ್ತಾಂವ!" ಇದು ತನ್ನ ದೊಡ್ಡ ಅಸ್ತ್ರವೆಂದು ರೂಪೇಶ ಎಣಿಸಿದ್ದ.

"ಇರ್ಲಿ ಬಿಡು. ಬೋಟು ಇಳ್ಸೂ ಮೊದ್ಲು ನಾವೂ ಇಗರ್ಜಿಗೆ ಮೇಣದಬತ್ತಿ ಹಚ್ಚೂದಿಲ್ವಾ? ದೇವ್ರ ಅಂಗಿ ನೋಡಿ ಜಾತಿ ಕೇಳೂಕೆ ನೀ ಯಾರೋ?"

"ಇಷ್ಟು ಸಣ್ಣ ಇದ್ದಾನೆ..."

"ಸಾಲಿಗ್ರಾಮ ಎಷ್ಟು ದೊಡ್ಡದಿರ್ತದೆ?"

ರೂಪೇಶನಿಗೆ ಅಳು ಬರುವುದೊಂದು ಬಾಕಿ. ಕೈಮುಗಿದು ಹೇಳಿದ: "ಅಜ್ಜಾ, ಇದನ್ನ ಸಂಜೆ ಒಳಗೆ ಮಡಗಾಂವಿಗೆ ಮುಟ್ಟಿಸ್ಬೇಕು. ಅಲ್ಲಿಯವ್ರು ಕರ್ದಾರೆ. ನನ್ನ ಜನ್ಮದಲ್ಲಿ ಯಾರೂ ಕರ್ದಿರ್ಲಿಲ್ಲ. ನಿಮ್ಗೆ ಬೇಕಾದ್ರೆ ಇನ್ನೊಂದು ಮಾಡಿಕೊಡ್ತೆ, ಇದಕ್ಕಿಂತ ದೊಡ್ಡದು. ಇದನ್ನ ಬಿಡಿ."

ಸುಗಂಧಾ ಕೂಡ, ಇಷ್ಟು ವರ್ಷ ಗಂಡನ ಬಣ್ಣದ ಬಾಟಲಿಗಳನ್ನು ಶಪಿಸಿದವಳು, ಮುಂದೆ ಬಂದು "ಹೌದು ಹುಲಿಯಜ್ಜಾ, ಕಣ್ಣು ಕೆಡಿಸ್ಕೊಂಡು ಮಾಡ್ಯಾರೆ" ಎಂದಳು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

"ನೀ ಬೇಕು ಅಂದ್ರೆ ಆಯ್ತಾ, ನಾ ಬೇಡ ಅಂದ್ರೆ ಆಯ್ತಾ?" ಎಂದ ಹುಲಿಯಾ. "ಅವ್ನನ್ನೇ ಕೇಳುವ. ಪ್ರಸಾದ ಹಚ್ಚುವ."

ಪ್ರಸಾದ ಎಂದರೆ ಈ ಕರಾವಳಿಯಲ್ಲಿ ಸುಪ್ರೀಂ ಕೋರ್ಟು. ಹೂವಿನ ಎಸಳನ್ನು ನೀರಲ್ಲಿ ಅದ್ದಿ ಮೂರ್ತಿಯ ಎಡಕ್ಕೊಂದು ಬಲಕ್ಕೊಂದು ಅಂಟಿಸುತ್ತಾರೆ. ಮನಸ್ಸಿನಲ್ಲಿದ್ದುದನ್ನು ಕೇಳುತ್ತಾರೆ. ದೇವರ ಬಲದ ಎಸಳು ಮೊದಲು ಬಿದ್ದರೆ ಹೌದು, ಎಡದ್ದು ಬಿದ್ದರೆ ಇಲ್ಲ. ಮದುವೆ, ಜಾಗದ ತಕರಾರು, ಎಮ್ಮೆ ಕಳವು ಎಲ್ಲವೂ ಹೀಗೇ ಇತ್ಯರ್ಥವಾಗುತ್ತವೆ. ಒಮ್ಮೆ ಬಿದ್ದಮೇಲೆ ಅಪೀಲಿಲ್ಲ.

ಹುಲಿಯಾ ಯೋಧನ ಎರಡೂ ಭುಜಕ್ಕೆ ಅಬ್ಬಲಿಗೆ ಎಸಳು ಅಂಟಿಸಿದ. ಎಸಳು ಯೋಧನ ತೋಳಿಗಿಂತ ಅಗಲವಿತ್ತು. ಕೈಮುಗಿದು ಗಟ್ಟಿಯಾಗಿ ಕೇಳಿದ: "ಜಟಗ ದೇವ್ರೇ, ಈ ಹುಡ್ಗ ನಿನ್ನ ಮಡಗಾಂವಿಗೆ ಕರ್ಕೊಂಡು ಹೋಗ್ತೆ ಹೇಳ್ತಾ. ನಿಂಗೆ ಹೋಗೂ ಮನಸ್ಸು ಅದೆಯಾ? ಇದ್ರೆ ಬಲದ ಪ್ರಸಾದ ಕೊಡು."

ಎಲ್ಲರೂ ಕತ್ತು ಚಾಚಿದರು. ಎಸಳು ಬೀಳಲಿಲ್ಲ. ಬಿಸಿಲೇರಿತು. ಕೆಲವರು ಕೂತರು, ಕೆಲವರು ಮನೆಗೆ ಹೋಗಿ ಗಂಜಿ ಉಂಡು ಬಂದರು. ಎಸಳು ಬೀಳಲಿಲ್ಲ. ಗಾಳಿ ಬಂತು, ತುಳಸಿ ಅಲ್ಲಾಡಿತು, ಹೆಂಗಸರ ಸೆರಗು ಹಾರಿತು. ಎಸಳು ಮಾತ್ರ ಬೀಳಲಿಲ್ಲ.

"ಎಂತಾ ಗಟ್ಟಿ ದೇವ್ರೋ!" ಎಂದರು ಜನ ಭಯಭಕ್ತಿಯಿಂದ.

ಯಾಕೆ ಬೀಳುತ್ತಿಲ್ಲ ಎಂದು ಅಲ್ಲಿ ಗೊತ್ತಿದ್ದವನು ಒಬ್ಬನೇ. ಆ ಹಾಳು ವಾರ್ನಿಶ್! ಎಸಳು ನೀರಿನಿಂದ ಅಂಟಿದ್ದಲ್ಲ, ಮೇಣದಲ್ಲಿ ಹೂತಿತ್ತು. ನಾಳೆ ಬೆಳಗಾದರೂ ಅದು ಬೀಳುವ ಜಾತಿಯಲ್ಲ. ರೈಲು ಮಾತ್ರ ತನ್ನ ಹೊತ್ತಿಗೆ ಸರಿಯಾಗಿ ಹೋಗುತ್ತದೆ. ರೂಪೇಶ ಮನೆಯ ಕಡೆ ನೋಡಿದ, ಎಸಳಿನ ಕಡೆ ನೋಡಿದ. ಹುಟ್ಟಿದಾಗಿನಿಂದ ಒಂದು ಸುಳ್ಳು ರಜಾಚೀಟಿ ಕೂಡ ಬರೆಯದವನ ತಲೆಯಲ್ಲಿ ಆಗ ಒಂದು ಕಳ್ಳ ಯೋಚನೆ ಹುಟ್ಟಿತು.

"ಬಾಯಿ ಒಣಗ್ತು, ನೀರು ಕುಡ್ಕೊಂಡು ಬತ್ತೆ," ಎಂದು ಒಳಗೆ ಓಡಿದ.

ಒಳಗೆ ಮೇಜಿನ ಮೇಲೆ ಥಿನ್ನರ್ ಬಾಟಲಿ ಇತ್ತು. ವಾರ್ನಿಶನ್ನು ಕರಗಿಸುವ ನೀರು ಅದು. ಕಿವಿಗೆ ಹಾಕುವ ಹತ್ತಿಕಡ್ಡಿಯೊಂದನ್ನು ಅದರಲ್ಲಿ ಅದ್ದಿದ. ಅವಸರದಲ್ಲಿ ಅರ್ಧ ನೆಲಕ್ಕೆ ಚೆಲ್ಲಿತು, ಒರೆಸಿದ, ಮತ್ತೆ ಅದ್ದಿದ. ಮುಗಿದ ಕೈಗಳ ನಡುವೆ ಕಡ್ಡಿ ಕಾಣದ ಹಾಗೆ ಹಿಡಿದು ಕನ್ನಡಿಯ ಮುಂದೆ ನೋಡಿಕೊಂಡ. ದೊಡ್ಡ ಭಕ್ತನ ಹಾಗೇ ಕಾಣುತ್ತಿದ್ದ. ದೇವರ ಬಲ ಎಂದರೆ ಎದುರು ನಿಂತ ತನಗೆ ಎಡ ಎಂದು ಮತ್ತೆ ಮತ್ತೆ ಹೇಳಿಕೊಂಡ. ಅಲ್ಲಿ ಮಾತ್ರ ತಪ್ಪಬಾರದು.

ಹೊರಗೆ ಬಂದಾಗ ಜನ ಇನ್ನೂ ಹಾಗೇ ಕೂತಿದ್ದರು. ಹುಲಿಯಾ ಕಣ್ಣು ಮುಚ್ಚಿ ಏನೋ ಗೊಣಗುತ್ತಿದ್ದ. ಸುಗಂಧಾ ಬಾಗಿಲಲ್ಲೇ ಅವನಿಗೆ ಕಣ್ಣು ಬಿಟ್ಟಳು, ತಲೆ ಆಡಿಸಿದಳು. ಥಿನ್ನರ್ ವಾಸನೆ ಹಿಡಿದಳೆಂದು ರೂಪೇಶ ಮುಖ ತಿರುಗಿಸಿಕೊಂಡ. "ರೀ," ಎಂದಳು. ಕೇಳದವನ ಹಾಗೆ ನೆಟ್ಟಗೆ ಹೋಗಿ ತುಳಸಿಕಟ್ಟೆಗೆ ಹಣೆ ಹಚ್ಚಿದ.

"ದೇವಾ, ಕೊಡು!" ಎಂದು ಕೂಗಿ, ಮುಗಿದ ಕೈ ಮೇಲೆತ್ತಿ, ಬಲದ ಎಸಳಿನ ಅಂಚಿಗೆ ಕಡ್ಡಿ ಮುಟ್ಟಿಸಿದ. ಎಸಳು ಜಾರಿತು. ತೋಳಿನ ಮೇಲೆ ಇಳಿಯಿತು. ಕತ್ತಿಯ ಹಿಡಿಗೆ ತಾಗಿ ಕಟ್ಟೆಯ ಮೇಲೆ ಬಿತ್ತು.

"ಬಲ! ಬಲದ ಪ್ರಸಾದ!" ನಾಗಿ ಚಪ್ಪಾಳೆ ತಟ್ಟಿದಳು. ಯಾರೋ ಜಾಗಟೆ ಹೊಡೆದರು. ಎಲ್ಲರಿಗಿಂತ ಹೆಚ್ಚು ಕುಣಿದವನು ರೂಪೇಶ. ಮತ್ತೆ ತಕರಾರು ಬರಬಾರದೆಂದು ಕಟ್ಟೆಯ ಮುಂದೆ ನಿಂತು ಭಾಷಣವನ್ನೇ ಮಾಡಿದ.

"ಎಲ್ರೂ ನೋಡಿದ್ರಲ್ಲ? ಪ್ರಸಾದ ಅಂದ್ರೆ ಪ್ರಸಾದ. ಇನ್ನು ಯಾರೂ ಅಡ್ಡ ಮಾತಾಡಬಾರ್ದು. ಆಡಿದವ್ರಿಗೆ ಜಟಗ ಕೇಳ್ತ. ಒಪ್ಪಿಗೆಯಾ?"

"ಒಪ್ಪಿಗೆ!" ಎಂದಿತು ಕಾಲೊನಿ.

"ಹುಲಿಯಜ್ಜಾ, ನೀನೂ ಹೇಳು."

"ಒಪ್ಪಿಗೆಯೋ ಮಾರಾಯ. ನೀನೇ ಇಷ್ಟು ಖುಷಿಯಲ್ಲಿ ಒಪ್ತೆ ಹೇಳಿ ನಾ ಎಣಿಸ್ಲಿಲ್ಲ," ಎಂದ ಹುಲಿಯಾ, ಕಣ್ಣೊರೆಸಿಕೊಂಡು.

ರೂಪೇಶ ಪೆಟ್ಟಿಗೆ ತಂದು ಯೋಧನಿಗೆ ಕೈಹಾಕಿದ. ಕುಂಕುಮವನ್ನು ರೈಲಿನಲ್ಲಿ ಕೂತು ಒರೆಸಿದರಾಯಿತು. ಹುಲಿಯಾ ಅವನ ಮಣಿಕಟ್ಟು ಹಿಡಿದ.

"ಎಲ್ಲಿಗೋ?"

"ಮಡಗಾಂವಿಗೆ. ಹೋಗ್ತೆ ಹೇಳಿ ಅವ್ನೇ ಹೇಳ್ದ್ನಲ್ಲ."

"ಹೋಗ್ತೆ ಹೇಳಿ ಎಲ್ಲಿ ಹೇಳ್ದ? ಇಷ್ಟೊತ್ತು ಕಾದ್ರೂ ಪ್ರಸಾದ ಆಗ್ಲಿಲ್ಲ ಅಂದ್ರೆ ಆ ಪ್ರಶ್ನೆ ದೇವ್ರಿಗೆ ಸೇರ್ಲಿಲ್ಲ ಹೇಳಿ ಅರ್ಥ. ಬೇರೆ ಕೇಳ್ಬೇಕು. ನೀ ನೀರು ಕುಡಿಯೂಕೆ ಹೋದಾಗ ಬದಲ್ಸಿ ಕೇಳ್ದೆ. ಹಂಗಾರೆ ನಮ್ಮ ಅಶ್ವತ್ಥದ ಕಟ್ಟೆ ಮೇಲೇ ಕೂತ್ಕಳ್ತ್ಯಾ ದೇವಾ, ಕೂತ್ಕಳ್ಳೂದಾದ್ರೆ ಬಲದ್ದು ಕೊಡು, ಹೇಳಿ. ನೀ ಬಂದು ಕೈಮುಗಿದ್ಯೋ ಇಲ್ವೋ, ಕೊಟ್ಬಿಟ್ಟ!" ಹುಲಿಯಾ ಅವನ ಬೆನ್ನು ತಟ್ಟಿದ. "ನಿನ್ನ ಭಕ್ತಿ ದೊಡ್ಡದು ತಮಾ."

ರೂಪೇಶ ಬಾಯಿ ತೆರೆದ. ಬೀಳಿಸಿದ್ದು ನಾನೇ ಎಂದು ಹೇಳಬೇಕು. ಹೇಳಿದರೆ, ನಾಗಿಯ ಮಗನನ್ನು ದಡಕ್ಕೆ ತಂದ ದೇವರ ಪ್ರಸಾದಕ್ಕೆ ಕಳ್ಳಕೈ ಹಾಕಿದವನಾಗುತ್ತಾನೆ. ಇದೇ ಕಾಲೊನಿಯಲ್ಲಿ, ಇದೇ ಜನರ ನಡುವೆ, ಸಾಯುವ ತನಕ ಬದುಕಬೇಕು. ಎದುರಿಗೆ ನಾಗಿ ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತಿದ್ದಳು. ಅಡ್ಡ ಮಾತಾಡಿದವರಿಗೆ ಜಟಗ ಕೇಳುತ್ತಾನೆ ಎಂದು ಶಪಿಸಿದ್ದು ಬೇರೆ ತಾನೇ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡವನು ಬಾಯಿ ಮುಚ್ಚಿದ.

"ಕಣ್ಣು ಬಿಟ್ಟೆ, ತಲೆ ಆಡ್ಸ್ದೆ, ಕರೆದೆ," ಎಂದಳು ಸುಗಂಧಾ ಮೆಲ್ಲಗೆ. "ಒಂದ್ಸಲನಾದ್ರೂ ನನ್ನ ಮುಖ ನೋಡಬೇಕಿತ್ತು."

"ನೀ ಬೈತೆ ಅಂದ್ಕೊಂಡೆ," ಎಂದ ರೂಪೇಶ.

ಜಾಗಟೆ ಬಾರಿಸಿ, ಬಾಳೆಲೆಯ ಮೇಲೆ ಯೋಧನನ್ನಿಟ್ಟು ಮೆರವಣಿಗೆ ಹೊರಟಿತು. ಕಂದು ನಾಯಿಯನ್ನು ಕಟ್ಟೆಯಿಂದ ಇಳಿಸಿದರು. ಅದು ಒಮ್ಮೆ ಬೊಗಳಿ ಎದ್ದುಹೋಯಿತು. ಅಲ್ಲಿದ್ದವರಲ್ಲಿ ಪ್ರತಿಭಟಿಸಿದ್ದು ಅದೊಂದೇ. ಸಿಮೆಂಟು ಕಲಸಿ ಯೋಧನ ಪಾದಗಳನ್ನು ಭದ್ರ ಮಾಡಿದರು. ದೂರದಲ್ಲಿ ಮಡಗಾಂವದ ರೈಲು ಕೂಗಿದ್ದು ಎಲ್ಲರಿಗೂ ಕೇಳಿಸಿತು. ಅದೂ ಶುಭಶಕುನವೇ ಎಂದ ಹುಲಿಯಾ.

ಸೆಕ್ರೆಟರಿಯ ಫೋನು ಬಂತು. "ಹೊರಟಿರಾ?"

"ಇಲ್ಲ ಸರ್," ಎಂದ ರೂಪೇಶ. "ಅವ ಬರೂದಿಲ್ಲ ಅಂದ."

"ಯಾರು?"

ರೂಪೇಶ ಫೋನು ಕಟ್ ಮಾಡಿ, ಸುಮ್ಮನೆ ಕಟ್ಟೆಯ ಅಂಚಿನಲ್ಲಿ ಕೂತುಬಿಟ್ಟ. ಜನ ಕರಗಿದರು. ಎದ್ದು ಹೋಗೋಣವೆಂದರೆ ಯೋಧನನ್ನು ಒಬ್ಬನೇ ಬಿಟ್ಟುಹೋಗಲು ಮನಸ್ಸು ಬರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ರೋಷನ ಬಂದ. ಬೋಟುಗಳಿಗೆ ಬಣ್ಣ ಹಚ್ಚುವವನು. ಒಂದು ಕೈಯಲ್ಲಿ ಹಳದಿ ಪೇಂಟಿನ ಡಬ್ಬಿ, ಇನ್ನೊಂದರಲ್ಲಿ ಕಪ್ಪು.

"ರೂಪೇಶಣ್ಣಾ, ಹುಲಿಯಜ್ಜ ಕಳ್ಸಿದ್ದ. ಮಳೆಗೆ ತಡೀಬೇಕು, ಹೊಳೀಬೇಕು ಹೇಳ್ದ. ಮೀಸೆ ದಪ್ಪ ಮಾಡು, ಕಣ್ಣು ದೊಡ್ಡ ಮಾಡು ಹೇಳ್ಯಾನೆ. ಮುಖ ಸೋತವನಂಗೆ ಅದೆಯಂತೆ. ಸೋತ ದೇವ್ರು ನಮ್ಗೆ ಎಂತಕ್ಕೆ, ನಾವೇ ಸೋತು ಬಂದವ್ರು, ಹೇಳ್ತಾ." ಅವನು ಅಂಗೈಯಗಲದ ಬ್ರಶ್ ತೋರಿಸಿ ಸಂಕೋಚದಿಂದ ನಕ್ಕ. "ಇದು ಬೋಟಿಂದು. ನಿನ್ನ ಹತ್ರ ಸಣ್ಣದಿದ್ರೆ ಕೊಡ್ತ್ಯಾ?"

ರೂಪೇಶ ಅವನನ್ನೇ ನೋಡಿದ. ಇಲ್ಲ ಎನ್ನಬಹುದಿತ್ತು. ಇಲ್ಲ ಅಂದರೆ ಆ ಬೋಟಿನ ಬ್ರಶ್ಶನ್ನೇ ಮುಖಕ್ಕೆ ಎಳೆಯುತ್ತಾನೆ. ಮನೆಗೆ ಹೋಗಿ, ಯೋಧನ ಕಣ್ಣಿಗೆ ಬಳಸಿದ್ದ ಬ್ರಶ್ಶನ್ನೇ ತಂದುಕೊಟ್ಟ.

ರೋಷನ ಮಂಡಿಯೂರಿ, ಮೂಗು ತಾಗುವಷ್ಟು ಹತ್ತಿರ ಬಗ್ಗಿದ. ಬಗ್ಗಿದವನು ಹಾಗೇ ಉಳಿದ. ಎದೆ ನೋಡಿದ, ತೋಳು ನೋಡಿದ, ಆಚೆ ಹೋಗಿ ಬೆನ್ನು ನೋಡಿದ, ಮತ್ತೆ ಬಂದು ಕುಂಕುಮ ಒರೆಸಿ ಮುಖ ನೋಡಿದ.

"ಅಣ್ಣಾ, ಈ ಕಬ್ಬಿಣದ ಅಂಗಿ... ಒಂದೊಂದೇ ಬಳೆ ಕೈಯಲ್ಲಿ ಎಬ್ಬಿಸಿದ್ಯಾ? ಇದು ಬಿಳಿ ಬಣ್ಣವೇ ಅಲ್ಲ, ಇದ್ರೊಳಗೆ ಮಣ್ಣು ಅದೆ, ಬೆವ್ರು ಅದೆ. ಕೈ ಬೇರೆ ಕಡೆ ಇತ್ತು ಅಲ್ದಾ, ಕೊಯ್ದು ತಂದು ಇಲ್ಲಿ ಕೂರ್ಸಿದ್ಯಾ? ಮೂಗು ತಾಗ್ಸಿದ್ರೆ ಮಾತ್ರ ಸಂದಿ ಕಾಣ್ತದೆ! ಮುಖವಂತೂ... ಎಂತಾ ಕೆಲ್ಸ ಮಾಡಿದ್ಯೋ ಮಾರಾಯ! ನಾ ಇಷ್ಟು ವರ್ಷ ಬಣ್ಣದ ಕೆಲ್ಸ ಮಾಡ್ದೆ, ಇಂಥದ್ದು ನೋಡ್ಲಿಲ್ಲ."

ರೂಪೇಶನ ಕಣ್ಣು ತುಂಬಿ ಬಂತು. "ಹೌದಾ?" ಎಂದ.

"ದೇವ್ರಾಣೆ," ಎಂದ ರೋಷನ. ಮತ್ತೊಮ್ಮೆ ಕಣ್ತುಂಬ ನೋಡಿ, ಬ್ರಶ್ಶನ್ನು ಹಳದಿ ಡಬ್ಬಿಯಲ್ಲಿ ಅದ್ದಿ, ಹಣೆಯಿಂದ ಶುರು ಮಾಡಿದ.